ಮಗ್ಗದ ಸದ್ದಿನ ಮೇಲೊಂದು ಹಾಡು

ದೊಡ್ಡಬಳ್ಳಾಪುರದ ನೇಕಾರರ ಬೀದಿಗೆ ತಿರುಗುತ್ತಿದ್ದಂತೆ ಜೊತೆಯಲ್ಲಿದ್ದವರ ದನಿ ತಾನಾಗಿಯೇ ಏರುತ್ತದೆ. ಮನೆಯ ಮುಂಭಾಗವೇ ಮಗ್ಗದ ಶೆಡ್ಡು. ಒಳಗೆ ನಾಲ್ಕು ಮಗ್ಗ, ಕೆಲವು ಕಡೆ ಆರು. ಲಾಳಿ ಈ ಬದಿಯಿಂದ ಹಾರಿ ಆ ಬದಿಯ ಪೆಟ್ಟಿಗೆಗೆ ಬಡಿಯುವ ಟಕ್ಕು, ನೂಲನ್ನು ಒತ್ತಿ ಕೂರಿಸುವ ಹಲಗೆಯ ಧಡಕ್ಕು, ಮೇಲೆ ಜಕಾರ್ಡಿನ ಕರಕರ. ಲಾಳಿ ಮಗ್ಗದ ಶೆಡ್ಡಿನಲ್ಲಿ ಶಬ್ದಮಾಪಕ ಹಿಡಿದರೆ 90ರಿಂದ 100 ಡೆಸಿಬೆಲ್ ತೋರಿಸುತ್ತದೆ. ದಿನಕ್ಕೆ ಎಂಟು ಗಂಟೆ ದುಡಿಯುವವರಿಗೆ ನಮ್ಮ ಕಾರ್ಖಾನೆ ನಿಯಮಗಳು ಒಪ್ಪುವ ಮಿತಿ 90. ಮನೆಮಂದಿ ಈ ಸದ್ದಿನಲ್ಲೇ ಉಣ್ಣುತ್ತಾರೆ, ಲೆಕ್ಕ ಮಾಡುತ್ತಾರೆ, ಜಗಳವಾಡುತ್ತಾರೆ. ತೊಟ್ಟಿಲ ಮಗು ಈ ಸದ್ದಿನಲ್ಲೇ ಮಲಗುತ್ತದೆ. ಕರೆಂಟು ಹೋಗಿ ಮಗ್ಗ ನಿಂತರೆ ಎದ್ದು ಅಳುತ್ತದೆ.

ಇಂಥದೊಂದು ಶೆಡ್ಡಿನ ಹಿಂದಿನ ಕೋಣೆ ಈಗ ಸ್ಟುಡಿಯೊ. ಗೋಡೆಗೆ ಹಳೆಯ ರಗ್ಗು, ಬಾಗಿಲಿಗೆ ಕಂಬಳಿ, ಕಿಟಕಿಗೆ ಹತ್ತಿಯ ಹಾಸಿಗೆಯನ್ನೇ ಒರಗಿಸಿ ನಿಲ್ಲಿಸಿದ್ದಾರೆ. ಮೇಜಿನ ಮೇಲೆ ಲ್ಯಾಪ್‌ಟಾಪು, ಮೈಕಿನ ವೈರು ಸಿಕ್ಕಿಸುವ ಪುಟ್ಟ ಆಡಿಯೊ ಇಂಟರ್‌ಫೇಸು, ಹೆಡ್‌ಫೋನು. ಒಂದು ಮೂಲೆಯಲ್ಲಿ ತಮಟೆ, ಇನ್ನೊಂದರಲ್ಲಿ ನೂಲಿನ ಕಂಡಿಕೆ ತುಂಬಿದ ಬುಟ್ಟಿ. ಹಾಡುವುದು ಅಕ್ಕ, ಘಾಟಿ ಸುಬ್ರಹ್ಮಣ್ಯನ ಮೇಲೆ ಅವಳೇ ಕಟ್ಟಿದ ಪದ. ರೆಕಾರ್ಡಿಂಗು, ಮಿಕ್ಸಿಂಗು ತಮ್ಮನದು. ಹಗಲು ಬಾಶೆಟ್ಟಿಹಳ್ಳಿಯ ಕಾರ್ಖಾನೆ, ರಾತ್ರಿ ಈ ಕೋಣೆ. ಪುಷ್ಯ ಶುದ್ಧ ಷಷ್ಠಿಗೆ ಘಾಟಿಯಲ್ಲಿ ಬ್ರಹ್ಮರಥೋತ್ಸವ. ಅದಕ್ಕೆ ಮೊದಲು ದನಗಳ ಜಾತ್ರೆ ಕಟ್ಟುತ್ತದೆ, ರಾಸುಗಳು ಬರುತ್ತವೆ, ಮೈಕ್‌ಸೆಟ್ಟಿನವರು ಬರುತ್ತಾರೆ. ಅಷ್ಟರೊಳಗೆ ಹಾಡು ಪೆನ್‌ಡ್ರೈವ್ ಸೇರಬೇಕು.

ಇಂಥ ಕೋಣೆಗಳು ಬೆಂಗಳೂರು ಗ್ರಾಮಾಂತರದಲ್ಲಿ ಈಗ ಅಪರೂಪವಲ್ಲ. ದೇವರ ಪದ, ತತ್ವಪದ, ರಾಜ್ಯೋತ್ಸವದ ಹಾಡು, ಊರಿನ ಮುಖಂಡರ ಹುಟ್ಟುಹಬ್ಬಕ್ಕೊಂದು ಹಾಡು, ಚುನಾವಣೆ ಬಂದರೆ ಪ್ರಚಾರಕ್ಕೊಂದು ಹಾಡು: ಎಲ್ಲವೂ ಮನೆಯಲ್ಲೇ ತಯಾರಾಗುತ್ತವೆ. ಒಂದೊಂದು ತಾಲ್ಲೂಕಿಗೂ ಅದರದೇ ಕಾಟ. ದೇವನಹಳ್ಳಿಯವರಿಗೆ ಆಕಾಶದ ಕಾಟ. 2008ರ ಮೇ ತಿಂಗಳಲ್ಲಿ ವಿಮಾನ ನಿಲ್ದಾಣ ತೆರೆಯಿತು, 2019ರ ಕೊನೆಗೆ ಎರಡನೆಯ ರನ್‌ವೇ ಬಂತು. ಅಲ್ಲಿನ ಹಾಡುಗಾರ ಒಂದು ವಿಮಾನ ದಾಟಿ ಇನ್ನೊಂದು ಬರುವುದರೊಳಗೆ ಪಲ್ಲವಿ ಮುಗಿಸಬೇಕು. ನೆಲಮಂಗಲದಲ್ಲಿ ತುಮಕೂರು ಕಡೆಯ ಹೆದ್ದಾರಿಯೂ ಹಾಸನದ ಕಡೆಯ ಹೆದ್ದಾರಿಯೂ ಕವಲೊಡೆಯುತ್ತವೆ. ಲಾರಿಗಳ ಏರ್‌ಹಾರ್ನ್ ಹಾಸಿಗೆ, ರಗ್ಗು ಎಲ್ಲವನ್ನೂ ತೂರಿ ಬರುತ್ತದೆ. ಹೊಸಕೋಟೆಗೆ ಕೋಲಾರದ ರಸ್ತೆಯ ಟ್ರಕ್ಕುಗಳ ಗುಡುಗು. ದೊಡ್ಡಬಳ್ಳಾಪುರಕ್ಕೆ ಮಗ್ಗ. ಉಳಿದ ಸದ್ದುಗಳು ಬಂದು ಹೋಗುತ್ತವೆ. ಮಗ್ಗ ಹೋಗುವುದಿಲ್ಲ.

ಕರೆಂಟು ಹೋದಾಗ ಮಾತ್ರ ನಿಲ್ಲುತ್ತದೆ. ಬೀದಿಯೆಲ್ಲ ಬೆಸ್ಕಾಮಿಗೆ ಶಾಪ ಹಾಕುವ ಹೊತ್ತಿಗೆ ಈ ಕೋಣೆಯಲ್ಲಿ ಓಡಾಟ ಶುರು. ಲ್ಯಾಪ್‌ಟಾಪಿಗೆ ಬ್ಯಾಟರಿ ಇದೆ, ಇಂಟರ್‌ಫೇಸು ಯುಎಸ್‌ಬಿಯಲ್ಲೇ ನಡೆಯುತ್ತದೆ. ಫ್ಯಾನು ಇಲ್ಲ, ಫ್ರಿಜ್ಜು ಇಲ್ಲ. ಮನೆಯ ವೈರಿಂಗಿನಿಂದ ಮೈಕಿಗೆ ನುಸುಳುವ 50 ಹರ್ಟ್ಸಿನ ಹೂಂಕಾರವೂ ಇಲ್ಲ.

“ಅಕ್ಕ, ಬೇಗ ಬಾ, ಕರೆಂಟ್ ಹೋಯ್ತು!”

“ಒಲೆ ಮೇಲೆ ಸಾರಿದೆ ಕಣೋ.”

“ಸಾರು ಆಮೇಲೆ. ಎರಡನೇ ಚರಣ ಒಂದು ಹೇಳಿಬಿಡು.”

ಅವಳು ಕೈ ಒರೆಸಿಕೊಳ್ಳುತ್ತ ಬಂದು ನಿಲ್ಲುತ್ತಾಳೆ. ಚರಣ ಅರ್ಧಕ್ಕೆ ಬರುತ್ತಲೇ ಕರೆಂಟು ವಾಪಸು, ಮಗ್ಗ ಶುರು. ಅರ್ಧ ಚರಣ ಮೌನದಲ್ಲಿ, ಅರ್ಧ ಚರಣ ಲಾಳಿಯ ತಾಳದಲ್ಲಿ. ಎರಡನ್ನೂ ಜೋಡಿಸಿ ಹಾಡು ಮುಗಿಸಿದ ಹುಡುಗ, ಮೊದಲ ಬಾರಿಗೆ ಮೊಬೈಲಿಗೆ ಹಾಕಿ ಗೆಳೆಯನಿಗೆ ಕೇಳಿಸುತ್ತಾನೆ. ಗೆಳೆಯನದು ಆಟೊ, ಮೇಲೆ ಪ್ರಚಾರದ ಹಾರ್ನ್ ಸ್ಪೀಕರು. ಅವನು ಹಾಡನ್ನು ಪೂರ್ತಿ ಕೇಳುತ್ತಾನೆ, ಆಮೇಲೆ ಒಂದು ಸಿನಿಮಾ ಹಾಡು ಹಾಕುತ್ತಾನೆ, ಮತ್ತೆ ಇವನ ಹಾಡು ಹಾಕುತ್ತಾನೆ. ತೀರ್ಪು ಎರಡೇ ಮಾತಿನದು: “ಸೌಂಡ್ ಸಾಲ್ದು, ಮಗಾ.”

ಮನೆಯಲ್ಲಿ ಹಾಡು ಮಾಡುವ ಎಲ್ಲರೂ ಒಂದಲ್ಲ ಒಂದು ದಿನ ಕೇಳಿಸಿಕೊಳ್ಳುವ ತೀರ್ಪು ಇದು. ಅದೇ ಮೊಬೈಲು, ಅದೇ ವಾಲ್ಯೂಮು, ಆದರೂ ಸಿನಿಮಾ ಹಾಡು ಅಬ್ಬರಿಸುತ್ತದೆ, ಮನೆಯ ಹಾಡು ಗೊಣಗುತ್ತದೆ. ಕಾರಣ ಲ್ಯಾಪ್‌ಟಾಪಿನ ಮೀಟರಿನಲ್ಲೇ ಇದೆ. ಡಿಜಿಟಲ್ ಸದ್ದಿಗೆ ಒಂದು ಸೂರಿದೆ, ಅದರ ಹೆಸರು ಸೊನ್ನೆ. ಅದಕ್ಕಿಂತ ಮೇಲೆ ಅಂಕಿಯೇ ಇಲ್ಲ, ಎಲ್ಲವೂ ಅದರ ಕೆಳಗೆ, ಮೈನಸ್ಸಿನಲ್ಲಿ. ಈ ಹಾಡಿನಲ್ಲಿ ತಮಟೆಯ ಏಟು ಮೈನಸ್ ಒಂದರವರೆಗೆ, ಸೂರಿನ ಹತ್ತಿರಕ್ಕೇ ಹೋಗಿ ಬರುತ್ತದೆ. ಆದರೆ ಏಟು ಇರುವುದು ಕಣ್ಣುಮಿಟುಕಿನಷ್ಟು ಹೊತ್ತು. ಉಳಿದ ಹೊತ್ತೆಲ್ಲ ಅಕ್ಕನ ದನಿ, ಹಾರ್ಮೋನಿಯಂ ಎಲ್ಲ ಇಪ್ಪತ್ತು ಇಪ್ಪತ್ತೆರಡು ಡೆಸಿಬೆಲ್ ಕೆಳಗೇ ಕೂತಿವೆ. ಕಿವಿ ಜೋರು ಎಂದು ಲೆಕ್ಕ ಹಾಕುವುದು ಆ ಒಂದು ಏಟನ್ನಲ್ಲ, ಹಾಡಿನ ಸರಾಸರಿಯನ್ನು. ಸಿನಿಮಾ ಹಾಡಿನ ಸರಾಸರಿ ಮೈನಸ್ ಒಂಬತ್ತು ಹತ್ತರ ಆಸುಪಾಸಿನಲ್ಲಿದೆ. ಹತ್ತು ಡೆಸಿಬೆಲ್ ವ್ಯತ್ಯಾಸವಿದ್ದರೆ ಕಿವಿಗೆ ಎರಡು ಪಟ್ಟು ಜೋರು ಅನಿಸುತ್ತದೆ. ಗೆಳೆಯನ ತೀರ್ಪಿನಲ್ಲಿ ತಪ್ಪಿಲ್ಲ.

ಮೊದಲ ಉಪಾಯ ಎಲ್ಲರಿಗೂ ಹೊಳೆಯುವಂಥದ್ದು: ಮಾಸ್ಟರ್ ಫೇಡರನ್ನು ಮೇಲಕ್ಕೆ ದೂಡುವುದು. ಹುಡುಗ ದೂಡುತ್ತಾನೆ. ಮೀಟರು ಕೆಂಪಾಗುತ್ತದೆ. ತಮಟೆಯ ಅಲೆಯ ತುದಿ ಸೊನ್ನೆಗೆ ತಗುಲಿ ಕತ್ತರಿಸಿಹೋಗುತ್ತದೆ, ದುಂಡಗಿದ್ದ ಅಲೆ ಚಪ್ಪಟೆಯಾಗುತ್ತದೆ. ತೊಗಲಿನ ಗುಂಗಿದ್ದ ಜಾಗದಲ್ಲಿ ತಗಡಿನ ಪಟಪಟ. ಇದಕ್ಕೆ ಕ್ಲಿಪ್ಪಿಂಗ್ ಎನ್ನುತ್ತಾರೆ; ಸೌಂಡಿನ ಹುಡುಗರ ಬಾಯಲ್ಲಿ ‘ಒಡೀತಾ ಇದೆ’. ಒಮ್ಮೆ ಒಡೆದ ಸದ್ದನ್ನು ಆಮೇಲೆ ತಗ್ಗಿಸಿದರೂ ಅದು ಒಡಕು ಸದ್ದೇ.

ಕ್ಯಾಸೆಟ್ಟಿನ ಕಾಲದವರಿಗೆ ಈ ತೊಂದರೆ ಇಷ್ಟು ಕಟುವಾಗಿ ಕಾಡಿರಲಿಲ್ಲ. ಟೇಪಿಗೆ ಸ್ವಲ್ಪ ಹೆಚ್ಚು ಸದ್ದು ಕೊಟ್ಟರೆ ಅದು ತುದಿಯನ್ನು ಕತ್ತರಿಸುತ್ತಿರಲಿಲ್ಲ, ಮೆಲ್ಲಗೆ ಬಾಗಿಸುತ್ತಿತ್ತು. ಆ ಬಾಗುವಿಕೆಯೇ ಕಿವಿಗೆ ಹಿತವಾಗಿ, ತುಂಬಿದಂತೆ ಕೇಳುತ್ತಿತ್ತು. ಹಂಸಲೇಖರ ‘ಪ್ರೇಮಲೋಕ’ 1987ರಲ್ಲಿ ಲಹರಿಯ ಕ್ಯಾಸೆಟ್ಟಾಗಿ ಊರೂರಿನ ಟೀ ಅಂಗಡಿ, ಹೇರ್‌ಕಟಿಂಗ್ ಶಾಪುಗಳಲ್ಲಿ ಮೊಳಗಿದ್ದು ಇಂಥ ಟೇಪಿನ ಮೇಲೆಯೇ. ಅಂದು ಹಾಡು ಹುಟ್ಟಲು ದೊಡ್ಡ ಸ್ಟುಡಿಯೊ ಬೇಕಿತ್ತು. ಕನ್ನಡ ಸಿನಿಮಾ ಹಾಡುಗಳು ಬಹುಕಾಲ ಮದರಾಸಿಗೆ ಹೋಗಿ ಬರುತ್ತಿದ್ದವು. ಬೆಂಗಳೂರಿನಲ್ಲೇ ಆಗಲಿ ಎಂದು ಶಂಕರ್ ನಾಗ್ ಸಂಕೇತ್ ಸ್ಟುಡಿಯೊ ಕಟ್ಟಿದ್ದು 1980ರ ದಶಕದಲ್ಲಿ. ಅಲ್ಲಿ ಹಾಡುವವರು ಒಂದು ಗಾಜಿನ ಆಚೆ, ಗುಂಡಿ ತಿರುಗಿಸುವವರು ಈಚೆ. ಈ ಕೋಣೆಯಲ್ಲಿ ಗಾಜಿಲ್ಲ. ಎಲ್ಲರೂ ಒಂದೇ ಕಡೆ, ಮಗ್ಗವೂ ಸೇರಿ.

ಎರಡನೆಯ ಉಪಾಯ ಕಂಪ್ರೆಸರು. ಜೋರಾದದ್ದನ್ನು ತಗ್ಗಿಸುವುದು ಅದರ ಕೆಲಸ. ಮೈನಸ್ ಹದಿನೆಂಟರಲ್ಲಿ ಗೆರೆ ಎಳೆದು, ಮೂರಕ್ಕೆ ಒಂದು ಎಂದು ಹೇಳಿದರೆ, ಗೆರೆಗಿಂತ ಹನ್ನೆರಡು ಡೆಸಿಬೆಲ್ ಮೇಲೇರಿದ ಸದ್ದು ನಾಲ್ಕೇ ಡೆಸಿಬೆಲ್ ಮೇಲೆ ನಿಲ್ಲುತ್ತದೆ. ಎಂಟು ಡೆಸಿಬೆಲ್ ಜಾಗ ಖಾಲಿಯಾಯಿತು. ಈಗ ಇಡೀ ದನಿಯನ್ನು ಅಷ್ಟೇ ಮೇಲೆತ್ತಬಹುದು. ಏರುದನಿಯೂ ಪಿಸುಮಾತೂ ಹತ್ತಿರ ಬರುತ್ತವೆ, ಸರಾಸರಿ ಏರುತ್ತದೆ. ವಿಡಿಯೊಗಳಲ್ಲಿ ಪಾಠ ಹೇಳುವವರು ಇಲ್ಲಿಗೆ ನಿಲ್ಲಿಸುತ್ತಾರೆ. ಅವರ ಕೋಣೆಯ ಮುಂದೆ ಮಗ್ಗವಿಲ್ಲ.

ದೊಡ್ಡಬಳ್ಳಾಪುರದಲ್ಲಿ ಆಗುವುದೇ ಬೇರೆ. ಅಕ್ಕ ಹಾಡುವಾಗ ಮಗ್ಗದ ಸದ್ದು ಅವಳ ದನಿಯ ಅಡಿಯಲ್ಲಿ ಮಲಗಿರುತ್ತದೆ. ಅವಳು ಸಾಲು ಮುಗಿಸಿ ಉಸಿರೆಳೆದುಕೊಳ್ಳುವಾಗ ಕಂಪ್ರೆಸರು ಹಿಡಿತ ಬಿಡುತ್ತದೆ. ತಕ್ಷಣ ಮಗ್ಗ ಎದ್ದು ಕೂರುತ್ತದೆ, ಅದೂ ಎಂಟು ಡೆಸಿಬೆಲ್ ಬಲ ಪಡೆದು. ಅವಳು ಮತ್ತೆ ಬಾಯಿ ತೆರೆದರೆ ಕೆಳಗೆ. ಹಾಡಿನುದ್ದಕ್ಕೂ ಇದೇ ಏಳು-ಬೀಳು. ಷಣ್ಮುಖನನ್ನು ಕರೆಯುವ ಒಂದೊಂದು ಕರೆಯ ನಡುವೆಯೂ ಲಾಳಿ ಓಡುತ್ತದೆ. ಹುಡುಗ ತಲೆ ಚಚ್ಚಿಕೊಳ್ಳುವುದು ಇಲ್ಲಿ. ಜೋರು ಮಾಡುವ ಯಂತ್ರಕ್ಕೆ ಯಾವುದು ಹಾಡು, ಯಾವುದು ಮಗ್ಗ ಎಂಬ ಭೇದ ಗೊತ್ತಿಲ್ಲ.

ಆದ್ದರಿಂದ ಈ ಬೀದಿಯಲ್ಲಿ ಹಾಡು ಜೋರಾಗಬೇಕಾದರೆ ಲ್ಯಾಪ್‌ಟಾಪಿಗಿಂತ ಮೊದಲು ಮೈಕಿನ ಬಳಿ ಆಗಬೇಕು. ಹುಡುಗ ಆಸೆಪಟ್ಟು ತರಿಸಿದ್ದು ಕಂಡೆನ್ಸರ್ ಮೈಕು. 48 ವೋಲ್ಟ್ ಕೊಟ್ಟರೆ ಇರುವೆ ಹರಿದದ್ದೂ ಕೇಳಬೇಕೆಂಬ ಜಾತಿ. ಮಗ್ಗವನ್ನಂತೂ ಕಣ್ಣಿಗೆ ಕಟ್ಟುವಂತೆ ಹಿಡಿಯುತ್ತದೆ. ಭಜನೆ ಮಂಡಲಿಯ ಸ್ಟೇಜ್ ಮೈಕು ಇದಕ್ಕಿಂತ ಮಂದ, ಮುಂದೆ ಇದ್ದದ್ದನ್ನಷ್ಟೇ ಕೇಳುತ್ತದೆ. ಆ ಮಂದತನವೇ ಇಲ್ಲಿ ಗುಣ. ಅಕ್ಕನನ್ನು ಎಂಟು ಇಂಚಿನಿಂದ ನಾಲ್ಕು ಇಂಚಿಗೆ ಕರೆದರೆ ಅವಳ ದನಿ ಮೈಕಿನಲ್ಲಿ ಸುಮಾರು ಆರು ಡೆಸಿಬೆಲ್ ಏರುತ್ತದೆ. ಎರಡು ಇಂಚಿಗೆ ಕರೆದರೆ ಇನ್ನೂ ಆರು. ಮಗ್ಗ ಮಾತ್ರ ಇದ್ದಲ್ಲೇ ಇದೆ, ಅದು ಹತ್ತಿರ ಬರಲಿಲ್ಲ. ಒಂದು ಪೈಸೆ ಖರ್ಚಿಲ್ಲದೆ ಹಾಡಿಗೂ ಮಗ್ಗಕ್ಕೂ ಹನ್ನೆರಡು ಡೆಸಿಬೆಲ್ ಅಂತರ ಬಂತು. ಮೈಕಿನ ಬೆನ್ನನ್ನು ಶೆಡ್ಡಿನ ಕಡೆಗೆ ತಿರುಗಿಸಿ, ಅಕ್ಕನ ಬೆನ್ನ ಹಿಂದಿನ ಗೋಡೆಗೂ ರಗ್ಗು ನೇತುಹಾಕಿದರೆ ಇನ್ನಷ್ಟು. ಬಾಯಿ ಹತ್ತಿರವಾದಾಗ ದನಿಯಲ್ಲಿ ತುಂಬುವ ಗುಂಯ್ ಎನ್ನುವ ದಪ್ಪವನ್ನು ಆಮೇಲೆ ಕತ್ತರಿಸಿದರಾಯಿತು.

ಕತ್ತರಿಸುವ ಕೆಲಸವೇ ಮಿಕ್ಸಿಂಗಿನ ಅರ್ಧ. ಹಾಡಿನಲ್ಲಿ ಕಿವಿಗೆ ಕೇಳದೆ ಜಾಗ ತಿನ್ನುವ ಸದ್ದುಗಳಿವೆ. ಅಕ್ಕನ ದನಿಯಲ್ಲಿ 100 ಹರ್ಟ್ಸಿನ ಕೆಳಗೆ ಅವಳದೇ ಏನೂ ಇಲ್ಲ. ಅಲ್ಲಿರುವುದು ಶೆಡ್ಡಿನ ನೆಲದ ಅದುರು, ಕರೆಂಟಿನ 50ರ ಹೂಂಕಾರ. ಅದನ್ನು ಸೋಸಿ ತೆಗೆದರೆ ಹಾಡು ಬದಲಾದದ್ದು ಯಾರಿಗೂ ತಿಳಿಯುವುದಿಲ್ಲ, ಮೀಟರಿನಲ್ಲಿ ಮಾತ್ರ ಜಾಗ ಸಿಗುತ್ತದೆ. ಕೀಬೋರ್ಡಿನ ಬೇಸು ಇನ್ನೂ ದೊಡ್ಡ ಹೊಟ್ಟೆಬಾಕ. ತಗ್ಗಿನ ಸದ್ದಿಗೆ ಬಹಳ ಶಕ್ತಿ ಬೇಕು, ಕಿವಿ ಮಾತ್ರ ಅದಕ್ಕೆ ಹೆಚ್ಚು ಬೆಲೆ ಕೊಡುವುದಿಲ್ಲ. ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಇದನ್ನು ಅಳೆದು ತೋರಿಸಿದರು: ನಮ್ಮ ಕಿವಿ ಹೆಚ್ಚು ಚುರುಕಾಗಿರುವುದು ಎರಡರಿಂದ ಐದು ಸಾವಿರ ಹರ್ಟ್ಸಿನ ನಡುವೆ. ಮಾತಿನ ಸ್ಪಷ್ಟತೆ, ಮಗುವಿನ ಅಳು, ತಮಟೆಯ ಚಟ್ ಎನ್ನುವ ತುದಿ, ಎಲ್ಲ ಅಲ್ಲಿಯೇ.

ಇನ್ನು ಈ ಹಾಡು ಕೇಳುವುದು ಎಲ್ಲಿ? ಮೊಬೈಲಿನ ಪುಟ್ಟ ಸ್ಪೀಕರಿನಲ್ಲಿ, ಆಟೊದ ಹಾರ್ನಿನಲ್ಲಿ. ಎರಡಕ್ಕೂ ಬೇಸು ನುಡಿಸಲು ಬರುವುದಿಲ್ಲ. ಕೋಣೆಯಲ್ಲಿ ಎದೆಗೆ ಗುದ್ದುತ್ತಿದ್ದ ಬೇಸು ಆಟೊ ಮೇಲೆ ಮಾಯ. ಅದಕ್ಕಾಗಿ ಬಿಟ್ಟುಕೊಟ್ಟ ಜಾಗವೆಲ್ಲ ದಂಡ. ಅನುಭವಿಗಳು ಬೇಸಿಗೆ ಸ್ವಲ್ಪ ಸ್ಯಾಚುರೇಶನ್ ಕೊಡುತ್ತಾರೆ, ಅಂದರೆ ಹಳೆಯ ಟೇಪು ತಾನಾಗಿ ಮಾಡುತ್ತಿದ್ದ ಬಾಗುವಿಕೆಯನ್ನು ಸಾಫ್ಟ್‌ವೇರಿನಿಂದ ಮಾಡಿಸುತ್ತಾರೆ. ಮೂಲ ಸ್ವರದ ಮೇಲೆ ಅದರ ಎರಡು ಪಟ್ಟು, ಮೂರು ಪಟ್ಟಿನ ಸ್ವರಗಳು ಹುಟ್ಟುತ್ತವೆ. ಪುಟ್ಟ ಸ್ಪೀಕರು ಅವನ್ನು ನುಡಿಸುತ್ತದೆ, ಕಿವಿ ಅದರಿಂದಲೇ ಕೆಳಗಿನ ಸ್ವರವನ್ನು ಊಹಿಸಿಕೊಳ್ಳುತ್ತದೆ.

ರಾತ್ರಿ ಊಟದ ಹೊತ್ತಿಗೆ ತಾತ ಕೋಣೆಗೆ ಬರುತ್ತಾರೆ. ಚಿಕ್ಕಂದಿನಿಂದ ಮಗ್ಗದ ಮುಂದೆಯೇ ನಿಂತ ಜೀವ. ಸದ್ದಿನಲ್ಲಿ ದುಡಿದವರ ಕಿವಿ ಮೊದಲು ಸೋಲುವುದು ನಾಲ್ಕು ಸಾವಿರ ಹರ್ಟ್ಸಿನ ಆಸುಪಾಸಿನಲ್ಲಿ. ಸ್ವರ ಕೇಳುತ್ತದೆ, ವ್ಯಂಜನ ಜಾರುತ್ತದೆ. ಯಾರೋ ಮಾತಾಡುತ್ತಿದ್ದಾರೆಂದು ತಿಳಿಯುತ್ತದೆ, ಏನೆಂದು ತಿಳಿಯುವುದಿಲ್ಲ. ಹುಡುಗ ಹಾಡು ಹಾಕುತ್ತಾನೆ, ವಾಲ್ಯೂಮು ಪೂರ್ತಿ.

“ಜೋರಾಗೇನೋ ಐತೆ. ಏನ್ ಹೇಳ್ತವ್ಳೆ ಅಂತ ಗೊತ್ತಾಗ್ತಿಲ್ವಲ್ಲಪ್ಪ.”

“ತಾತ, ತಮಟೆ, ಹಾರ್ಮೋನಿಯಂ, ಕೀಬೋರ್ಡು, ಕೋರಸ್ಸು ಎಲ್ಲಾ ಐತೆ. ಫುಲ್ ಐತೆ.”

“ಅದೇ ಆಗಿರೋದು. ಸೀರೆ ತುಂಬಾ ಜರಿ ಹಾಕ್ಬಿಟ್ರೆ ಸೆರಗು ಎಲ್ಲೈತೆ ಅಂತ ಹುಡುಕ್ಬೇಕು.”

ಶಬ್ದಶಾಸ್ತ್ರದ ಪುಸ್ತಕಗಳು ಮಾಸ್ಕಿಂಗ್ ಎಂದು ಅಧ್ಯಾಯಗಟ್ಟಲೆ ವಿವರಿಸುವುದು ಇದನ್ನೇ. ಒಂದೇ ಎತ್ತರದಲ್ಲಿ ಎರಡು ಸದ್ದು ನಿಂತರೆ ಬಲವಾದದ್ದು ಇನ್ನೊಂದನ್ನು ಮುಚ್ಚುತ್ತದೆ. ಹಾರ್ಮೋನಿಯಂ ನಿಂತಿರುವುದು ಅಕ್ಕನ ದನಿಯ ಎತ್ತರದಲ್ಲೇ. ಪ್ಯಾಡ್ ಎನ್ನುವ ಕೀಬೋರ್ಡಿನ ಉದ್ದನೆಯ ಸ್ವರವೂ ಅಲ್ಲೇ. ಮೂರರಲ್ಲಿ ಪ್ರತಿಯೊಂದನ್ನೂ ಜೋರು ಮಾಡುತ್ತ ಹೋದರೆ ಮೂರೂ ಜೋರಾಗುತ್ತವೆ, ಯಾವುದೂ ಕೇಳುವುದಿಲ್ಲ. ಹುಡುಗ ಮೊದಲು ಕೀಬೋರ್ಡಿನ ಪ್ಯಾಡನ್ನು ಅಳಿಸುತ್ತಾನೆ. ಅಕ್ಕ ಹಾಡುವ ಕಡೆ ಹಾರ್ಮೋನಿಯಮ್ಮಿನ ಮೂರು ಸಾವಿರ ಹರ್ಟ್ಸಿನ ಸುತ್ತ ಮೂರು ಡೆಸಿಬೆಲ್ ಇಳಿಸುತ್ತಾನೆ. ಕೋರಸ್ಸನ್ನು ಎಡಕ್ಕೂ ಬಲಕ್ಕೂ ಸರಿಸುತ್ತಾನೆ. ದನಿಯ ಫೇಡರು ಮುಟ್ಟಿಲ್ಲ. ತಾತನಿಗೆ ಮತ್ತೆ ಕೇಳಿಸುತ್ತಾನೆ.

“ಹೂಂ. ಈಗ ಜೋರಾಯ್ತು ನೋಡು.”

ಮೀಟರಿನಲ್ಲಿ ಅಂಕಿ ಇಳಿದಿದೆ. ತಾತನ ಕಿವಿಯಲ್ಲಿ ಏರಿದೆ. ಮಾತು ಕೇಳಿಸುವುದನ್ನೇ ಅವರು ಜೋರು ಎನ್ನುವುದು, ಆ ಅಳತೆ ತಪ್ಪಲ್ಲ.

ಕೊನೆಯ ಹಂತ ಲಿಮಿಟರು. ಸೊನ್ನೆಗೆ ಒಂದು ಡೆಸಿಬೆಲ್ ಕೆಳಗೆ ಗೋಡೆ ಕಟ್ಟಿ, ಇಡೀ ಹಾಡನ್ನು ಅದರ ಕಡೆಗೆ ಮೆಲ್ಲಗೆ ಎತ್ತುವುದು. ಮೈನಸ್ ಒಂದು ಬಿಡುವುದಕ್ಕೆ ಕಾರಣವಿದೆ: ಅಂಕಿಗಳ ನಡುವೆ ಏಳುವ ಅಲೆ, ಎಂಪಿತ್ರೀಯಂಥ ರೂಪಕ್ಕೆ ಹಿಂಡುವಾಗ ಏಳುವ ಅಲೆ ಸೊನ್ನೆಯನ್ನು ದಾಟಬಾರದು. ತಮಟೆಯ ತುದಿಯಿಂದ ಎರಡು ಮೂರು ಡೆಸಿಬೆಲ್ ತೆಗೆದರೆ ಯಾರೂ ಗಮನಿಸುವುದಿಲ್ಲ. ಏಳೆಂಟು ತೆಗೆದರೆ ತಮಟೆಯ ಜೀವವೇ ಹೋಗುತ್ತದೆ, ಹೊಡೆಯುವವನ ತೋಳು ಹಾಡಿನಿಂದ ಕಾಣೆಯಾಗುತ್ತದೆ.

ಎಷ್ಟು ಎತ್ತಬೇಕು? ಈ ಪ್ರಶ್ನೆಗಾಗಿ ಜಗತ್ತಿನ ದೊಡ್ಡ ಕಂಪನಿಗಳೇ ಕಾದಾಡಿವೆ. 1982ರಲ್ಲಿ ಸಿ.ಡಿ. ಬಂದ ಮೇಲೆ ವರ್ಷದಿಂದ ವರ್ಷಕ್ಕೆ ಹಾಡುಗಳ ಸರಾಸರಿ ಸದ್ದು ಏರುತ್ತ ಹೋಯಿತು, ಪಕ್ಕದ ಸಿ.ಡಿ.ಗಿಂತ ನಮ್ಮದು ಜೋರಿರಲಿ ಎಂದು. 2008ರಲ್ಲಿ ಮೆಟಾಲಿಕಾ ತಂಡದ ‘ಡೆತ್ ಮ್ಯಾಗ್ನೆಟಿಕ್’ ಎಷ್ಟು ಒಡೆದು ಕೇಳಿತೆಂದರೆ ಅಭಿಮಾನಿಗಳೇ ಸಹಿ ಸಂಗ್ರಹಿಸಿ ಮತ್ತೆ ಮಿಕ್ಸ್ ಮಾಡಿಕೊಡಿ ಎಂದು ಕೇಳಿದರು. ಅದಕ್ಕೆ ಎರಡು ವರ್ಷ ಮೊದಲೇ, 2006ರಲ್ಲಿ, ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಕಿವಿ ಕೇಳುವ ರೀತಿಯಲ್ಲೇ ಸದ್ದನ್ನು ಅಳೆಯುವ ವಿಧಾನ ಕೊಟ್ಟಿತ್ತು. ಇಂದು ಎಲ್‌ಯುಎಫ್‌ಎಸ್ ಎಂದು ಕರೆಯುವ ಅಳತೆ ಅದರಿಂದಲೇ ಬಂದದ್ದು. ಯೂಟ್ಯೂಬು ಮೈನಸ್ ಹದಿನಾಲ್ಕರ ಆಸುಪಾಸಿನಲ್ಲಿ ಗೆರೆ ಎಳೆದಿದೆ. ನೀವು ಮೈನಸ್ ಎಂಟಕ್ಕೆ ಅರಚಿಸಿ ಹಾಕಿದರೆ ಅದು ಸದ್ದಿಲ್ಲದೆ ಆರು ಡೆಸಿಬೆಲ್ ಇಳಿಸಿ ನುಡಿಸುತ್ತದೆ. ಒಡಕು ಮಾತ್ರ ಉಳಿಯುತ್ತದೆ. ಮೈನಸ್ ಇಪ್ಪತ್ತೆರಡರಲ್ಲಿ ಹಾಕಿದರೆ ಎತ್ತಿಕೊಡುವುದೂ ಇಲ್ಲ. ವಿಡಿಯೊ ಮೇಲೆ ರೈಟ್ ಕ್ಲಿಕ್ ಮಾಡಿ ‘ಸ್ಟ್ಯಾಟ್ಸ್ ಫಾರ್ ನರ್ಡ್ಸ್’ ತೆರೆದರೆ ನಿಮ್ಮ ಹಾಡು ಆ ಗೆರೆಗಿಂತ ಎಷ್ಟು ಮೇಲೆ, ಎಷ್ಟು ಕೆಳಗೆ ಎಂದು ಅಲ್ಲೇ ಬರೆದಿರುತ್ತದೆ.

ಆದರೆ ಪೆನ್‌ಡ್ರೈವಿಗೆ, ವಾಟ್ಸಾಪಿನಲ್ಲಿ ಹಂಚುವ ಫೈಲಿಗೆ, ಮೈಕ್‌ಸೆಟ್ಟಿಗೆ ಈ ಕಾವಲಿಲ್ಲ. ಜೋರಿನ ಪಂದ್ಯ ಇನ್ನೂ ನಡೆಯುತ್ತಿರುವುದು ಅಲ್ಲಿ. ಜಾತ್ರೆಯಲ್ಲಿ ಒಂದು ಅಂಗಡಿಯ ಹಾಡಿಗೆ ಪಕ್ಕದ ಅಂಗಡಿ ಉತ್ತರ ಕೊಡುತ್ತದೆ, ಇವನು ಆಂಪ್ಲಿಫೈಯರ್ ಗುಂಡಿ ತಿರುಗಿಸಿದರೆ ಅವನು ಇನ್ನೊಂದು ಹಾರ್ನ್ ಕಟ್ಟುತ್ತಾನೆ. ರಾಸುಗಳು ಕಿವಿ ನಿಮಿರಿಸಿ ಹಗ್ಗ ಜಗ್ಗುತ್ತವೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಧ್ವನಿವರ್ಧಕ ಕೂಡದು. ಹಬ್ಬ-ಉತ್ಸವಗಳಿಗೆ ವರ್ಷದಲ್ಲಿ ಹದಿನೈದು ದಿನ ಮೀರದಂತೆ ರಾತ್ರಿ ಹನ್ನೆರಡರವರೆಗೆ ರಾಜ್ಯ ಸರ್ಕಾರ ಸಡಿಲಿಕೆ ಕೊಡಬಹುದು. ಮಗ್ಗದ ಸದ್ದಿಗೆ ಹೊಟ್ಟೆಪಾಡಿನ ಕಾರಣವಾದರೂ ಇದೆ. ಹಾಡಿನ ಸದ್ದಿಗೆ ಆ ನೆಪವಿಲ್ಲ.

ಗೆಳೆಯನ ಆಟೊ ಮೇಲೆ ಹೊಸ ಮಿಕ್ಸು ಹತ್ತಿದೆ. ಅಂಕಿಯ ಲೆಕ್ಕದಲ್ಲಿ ಅದು ಮೈನಸ್ ಹನ್ನೊಂದು. ಸಿನಿಮಾ ಹಾಡಿಗಿಂತ ಒಂದೆರಡು ಡೆಸಿಬೆಲ್ ಈಗಲೂ ಕಡಿಮೆಯೇ. ಬೀದಿಯ ತುದಿಯಿಂದ ಆಟೊ ಬರುತ್ತದೆ. ಎರಡೂ ಬದಿಯ ಶೆಡ್ಡುಗಳಲ್ಲಿ ಮಗ್ಗ ಓಡುತ್ತಿದೆ. ಅಕ್ಕನ ಮಾತು ಒಂದೊಂದೂ ಬಿಡಿಬಿಡಿಯಾಗಿ ಕೇಳುತ್ತದೆ, ತಮಟೆ ಏಟು ಏಟಾಗಿಯೇ ಬೀಳುತ್ತದೆ. ಬಾಗಿಲಿಗೆ ಬಂದ ನೆರೆಯ ಹೆಂಗಸು, ಯಾರ ಹಾಡು ಇದು ಎಂದು ಕೇಳುತ್ತಾಳೆ. ಗೆಳೆಯ ಈ ಸಲ ಸೌಂಡಿನ ವಿಷಯ ಎತ್ತುವುದಿಲ್ಲ, ಬಾಡಿಗೆಯ ವಿಷಯ ಎತ್ತುತ್ತಾನೆ.

ಮನೆಯಲ್ಲಿ ಹಾಡು ಮಾಡುವ ಹುಡುಗ ಹುಡುಗಿಯರಿಗೆ ಹೇಳುವುದಿಷ್ಟೆ. ಜೋರು ಸಾಲದು ಅನಿಸಿದಾಗ ಲಿಮಿಟರಿನ ಕಡೆಗೆ ಕೈ ಹಾಕುವ ಮುನ್ನ ಮೈಕನ್ನು ಬಾಯಿಗೆ ಹತ್ತಿರ ತನ್ನಿ. ದನಿಯನ್ನು ಎತ್ತುವ ಮುನ್ನ ಅದರ ದಾರಿಯಲ್ಲಿ ನಿಂತದ್ದನ್ನು ಇಳಿಸಿ. ನಿಮ್ಮ ಹಾಡನ್ನು ದೊಡ್ಡ ಹಾಡಿನೊಂದಿಗೆ ಹೋಲಿಸುವಾಗ ಎರಡನ್ನೂ ಒಂದೇ ಸದ್ದಿಗೆ ತಂದು ಹೋಲಿಸಿ, ಏಕೆಂದರೆ ಬರೀ ಜೋರಾದದ್ದು ಕಿವಿಗೆ ಚೆನ್ನಾದದ್ದೆಂದು ತೋರುತ್ತದೆ. ಹೆಡ್‌ಫೋನಿನಲ್ಲಿ ಗಂಟೆಗಟ್ಟಲೆ ಕೂತಾಗ ಆಗಾಗ ಎದ್ದು ಹೊರಗೆ ಬನ್ನಿ. ಮಗ್ಗದ ಬೀದಿಯ ಕಿವಿಗಳು ಈಗಾಗಲೇ ಸಾಕಷ್ಟು ಕಳೆದುಕೊಂಡಿವೆ. ಹಾಡು ಮುಗಿಯಿತು ಅನಿಸಿದ ಮೇಲೆ ಮನೆಯ ಹಿರಿಯರಿಗೊಮ್ಮೆ ಕೇಳಿಸಿ, ಮಾತು ತಿಳಿಯಿತೇ ಎಂದು ವಿಚಾರಿಸಿ. ತಿಳಿಯಿತು ಅಂದರೆ ಹಾಡಿಗೆ ಬೇಕಾದಷ್ಟು ಸದ್ದು ಬಂದಿದೆ. ಅಲ್ಲಿಗೆ ನಿಲ್ಲಿಸಿ.